ಲೆಕ್ಕಕ್ಕೆ ಬಾರದ ದಣಿವು

ಫೆಬ್ರುವರಿ ಬಂತೆಂದರೆ ಅಥಣಿ ತಾಲ್ಲೂಕಿನ ಐಗಳಿ, ತೆಲಸಂಗದ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಗಳಲ್ಲಿ ಎರಡು ಸುಗ್ಗಿ ಒಟ್ಟೊಟ್ಟಿಗೇ ಬರುತ್ತವೆ. ಗೊನೆ ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡುವ ಗಡಿಬಿಡಿ ಒಂದು ಕಡೆ, ಮಕ್ಕಳ ಪರೀಕ್ಷೆ ಇನ್ನೊಂದು ಕಡೆ. ಶೆಡ್ಡಿನಲ್ಲಿ ಕಡ್ಡಿ ಆರಿಸುವುದಕ್ಕೆ ಕೈ ಬೇಕು, ಮಗ್ಗಿ ಒಪ್ಪಿಸಿಕೊಳ್ಳುವುದಕ್ಕೆ ಕಿವಿ ಬೇಕು. ಎರಡಕ್ಕೂ ಸಾಮಾನ್ಯವಾಗಿ ಸಿಗುವವಳು ಒಬ್ಬಳೇ, ಮನೆಯಾಕೆ. ಆಕೆ ರೊಟ್ಟಿ, ಝುಣಕದ ವಿಡಿಯೊ ಮಾಡಿ ಹಾಕುವವಳೂ ಆಗಿದ್ದರೆ ಮೂರನೆಯ ಸುಗ್ಗಿಯೂ ಸೇರಿಕೊಂಡಂತೆ.

‘ಸಾಕಾಗಿ ಹೋಗೇತ್ರೀ’ ಎಂಬ ಮಾತು ಸಂಜೆ ಹೊತ್ತಿಗೆ ಯಾರ ಬಾಯಲ್ಲೂ ಬರಬಹುದು. ರಾತ್ರಿ ಮಲಗೆದ್ದರೆ ಅದು ಹೋಗುತ್ತದೆ. ವಾರಗಟ್ಟಲೆ ಬೆಳಿಗ್ಗೆ ಎದ್ದಾಗಲೂ ಅದೇ ಮಾತು ಬಾಯಿಗೆ ಬರುತ್ತಿದ್ದರೆ ವಿಷಯ ಬೇರೆ.

ಆ ಬೇರೆ ವಿಷಯಕ್ಕೆ ‘ಬರ್ನ್‌ಔಟ್’ ಎಂಬ ಹೆಸರು ವೈದ್ಯಲೋಕದಲ್ಲಿ ಬಳಕೆಗೆ ಬಂದದ್ದು 1974ರಲ್ಲಿ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಉತ್ಸಾಹದಿಂದ ಸೇವೆಗೆ ಬಂದವರೇ ಕೆಲವು ತಿಂಗಳಲ್ಲಿ ಬರಿದಾಗುವುದನ್ನು ಕಂಡು ಅದರ ಬಗ್ಗೆ ಬರೆದರು. ಮುಂದೆ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ ಅದರ ಮೂರು ಲಕ್ಷಣಗಳನ್ನು ಗುರುತಿಸಿದರು: ಮೈಮನಸ್ಸಿನ ಪೂರ್ತಿ ದಣಿವು, ಮಾಡುವ ಕೆಲಸದ ಮೇಲೂ ಎದುರಿಗಿರುವ ಜನರ ಮೇಲೂ ಹುಟ್ಟುವ ಜಿಗುಪ್ಸೆ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ಹೊಸ ರೋಗ ವರ್ಗೀಕರಣದಲ್ಲಿ ಸೇರಿಸಿತಾದರೂ ಕಾಯಿಲೆ ಎನ್ನಲಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಅಂದರೆ ಸಂಬಳದ ಕೆಲಸದಲ್ಲಿ ಸೋತವರಿಗೆ ಆ ಪಟ್ಟಿಯಲ್ಲಿ ಜಾಗವಿದೆ. ಒಲೆ, ಪಾಠ, ಮಕ್ಕಳು ಎಂದು ಸೋತವಳು ಅದರ ಹೊರಗೇ ಉಳಿದಳು.

ನಮ್ಮ ದೇಶದ ಮಟ್ಟಿಗೆ ಅವಳ ದಿನವನ್ನು ಅಳೆದಿರುವುದು ಕೇಂದ್ರ ಸರ್ಕಾರದ ‘ಸಮಯ ಬಳಕೆ ಸಮೀಕ್ಷೆ’. 2024ರ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮಕ್ಕಳು, ಹಿರಿಯರ ಆರೈಕೆಯಲ್ಲಿ ತೊಡಗುವವರ ಲೆಕ್ಕ ಬೇರೆ: ಹೆಂಗಸರದು 137 ನಿಮಿಷ, ಗಂಡಸರದು 75. ದ್ರಾಕ್ಷಿ ಬೆಳೆಗಾರರು ಗೊನೆ ಇಳಿದ ಮೇಲೆ ಬಳ್ಳಿಗೆ ಕೆಲವು ವಾರ ಬಿಡುವು ಕೊಟ್ಟೇ ಏಪ್ರಿಲ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವುದಕ್ಕೆ, ಕೈ ಹಾಕುತ್ತಾರೆ. ಅದೇ ಮನೆಯಾಕೆಯ ಹೆಸರಿಗೆ ಅಂಥ ವಾರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಮನೆಯೇ ಶಾಲೆಯಾದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಒಟ್ಟಾಗಿ ಅನುಭವಿಸಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದವು. ಜುಲೈಯಿಂದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ‘ಸೇತುಬಂಧ’, ಬಳಿಕ ‘ಸಂವೇದ’ ಪಾಠಗಳು ಬಂದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಗಿ ಶಿಕ್ಷಕರು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿಗೆ ಬಂದರು. ಸೋಂಕಿನ ಭೀತಿಯಿಂದ ಅದೂ ಅಕ್ಟೋಬರ್‌ನಲ್ಲಿ ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಯ ಬಾಗಿಲು ಕಂಡದ್ದು 2021ರ ಅಕ್ಟೋಬರ್ 25ಕ್ಕೆ. ಅಲ್ಲಿಯವರೆಗೆ ಒಂದೂವರೆ ವರ್ಷ ಮನೆಯೇ ತರಗತಿ. ಇದ್ದ ಒಂದೇ ಮೊಬೈಲನ್ನು ಅಪ್ಪ ಹೊಲಕ್ಕೆ ಒಯ್ದರೆ ಅವ್ವನೇ ಪಾಠ. ಗುಡಿಯ ಕಟ್ಟೆಯ ಪಾಠ ನಡೆದಷ್ಟು ದಿನ ಆಕೆಗೆ ದಿನಕ್ಕೆ ಒಂದೆರಡು ತಾಸಾದರೂ ಕೈ ಬಿಡುವಾಗುತ್ತಿತ್ತು.

ಬರೆಯುವುದು, ಕಲಿಸುವುದು, ಮನೆ ಮೂರನ್ನೂ ಒಂದೇ ಸೂರಿನಡಿ ಹೊತ್ತ ಹೆಂಗಸು ಕನ್ನಡಕ್ಕೆ ಹೊಸಬಳಲ್ಲ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬಾ ಹದಿನಾಲ್ಕರ ಪ್ರಾಯದಲ್ಲೇ ವಿಧವೆಯಾದರು. ವಕೀಲರಾಗಿದ್ದ ತಂದೆ ಮನೆಯಲ್ಲೇ ಓದು ಮುಂದುವರಿಸಿದರು. 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದ ತಿರುಮಲಾಂಬಾ ಬಳಿಕ ‘ಕರ್ಣಾಟಕ ನಂದಿನಿ’ ಮಾಸಪತ್ರಿಕೆ ತಂದರು. ಕಾದಂಬರಿ ಬರೆದವರೂ ಪತ್ರಿಕೆ ಹೊರಡಿಸಿದವರೂ ಪುಸ್ತಕ ಪ್ರಕಟಿಸಿದವರೂ ಅವರೇ, ಮನೆಗೆ ಬಂದ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರೂ ಅವರೇ. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. 1982ರವರೆಗೆ ಬದುಕಿದ್ದ ಅವರು ಬಾಳಿನ ದೊಡ್ಡ ಭಾಗವನ್ನು ಸಾಹಿತ್ಯಲೋಕದ ಕಣ್ಣಿಗೆ ಬೀಳದೆ ಕಳೆದರು. ಆ ಮೌನಕ್ಕೆ ದಣಿವೊಂದೇ ಕಾರಣ ಎನ್ನಲಾಗದು. ಆದರೆ ಒಂದು ಪತ್ರಿಕಾ ಕಚೇರಿಯ ಅಷ್ಟೂ ಕುರ್ಚಿಗಳಲ್ಲಿ ಒಬ್ಬರೇ ಕೂತಿದ್ದರೆಂಬುದು ನಿಜ.

ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ಅವರ ದಾರಿ ಬೇರೆ. ಹನ್ನೆರಡಕ್ಕೆ ಮದುವೆಯಾಗಿ ಸಂಸಾರ ಹೊತ್ತವರು ಬರೆಯಲು ಕೂತದ್ದೇ ನಲವತ್ತು ದಾಟಿದ ಮೇಲೆ. ‘ತುಂಗಭದ್ರ’ ಬಂದದ್ದು 1963ರಲ್ಲಿ, ‘ಫಣಿಯಮ್ಮ’ 1976ರಲ್ಲಿ. ಕಾಯಬೇಕಾಗಿ ಬಂದದ್ದು ನ್ಯಾಯವೇ ಎಂದು ಕೇಳಬಹುದು. ತಡವಾಗಿ ಶುರು ಮಾಡಿದ್ದರಿಂದ ಬರಹವೇನೂ ಬಡವಾಗಲಿಲ್ಲ.

ಇಂದು ಮೊಬೈಲ್ ಹಿಡಿದು ಕೂತವಳಿಗೆ ಕಾಯುವ ಅವಕಾಶ ಕಡಿಮೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಇರಬೇಕು. ಜೊತೆಗೆ ಹನ್ನೆರಡು ತಿಂಗಳಲ್ಲಿ ಒಟ್ಟು 4,000 ಗಂಟೆ ವೀಕ್ಷಣೆಯಾಗಿರಬೇಕು, ಇಲ್ಲವೇ ತೊಂಬತ್ತು ದಿನಗಳಲ್ಲಿ ಕಿರು ವಿಡಿಯೊಗಳನ್ನು ಒಂದು ಕೋಟಿ ಸಲ ಜನ ನೋಡಿರಬೇಕು. ಹಳೆಯ ಗಂಟೆಗಳು ದಿನ ಕಳೆದಂತೆ ಲೆಕ್ಕದಿಂದ ಜಾರುತ್ತವೆ. ಒಂದು ವಾರ ಮಗುವಿಗೆ ಜ್ವರ ಬಂದು ವಿಡಿಯೊ ನಿಂತರೆ ಎದೆ ಡವಡವ. ನಾಲ್ಕು ವಿಡಿಯೊ ಒಂದೇ ದಿನ ಚಿತ್ರೀಕರಿಸಿಟ್ಟು, ವಾರಕ್ಕೊಂದರಂತೆ ಬಿಡುಗಡೆಗೆ ದಿನ ಗೊತ್ತುಮಾಡುವ ಸೌಲಭ್ಯ ಅದೇ ಯೂಟ್ಯೂಬಿನಲ್ಲಿದೆ. ಅದನ್ನು ಬಳಸಿದರೆ ಜ್ವರದ ವಾರವೂ ಸಾಗುತ್ತದೆ.

ವಿಡಿಯೊದಂತೆ ಪಾಠದ ಹೊರೆಯನ್ನೂ ಇಳಿಸಿಕೊಳ್ಳಬಹುದು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳು ಬೆಂಗಳೂರಿನಂಥ ಊರುಗಳಲ್ಲಿವೆ. ಶಾಲೆಯ ಐದಾರು ಗಂಟೆಯನ್ನು ಮನೆಯಲ್ಲೂ ಹಾಗೇ ಓಡಿಸಬೇಕೆಂದು ಹೊರಟರೆ ಅಮ್ಮನೂ ಸೋಲುತ್ತಾಳೆ, ಮಗುವೂ ಸೋಲುತ್ತದೆ. ನಲವತ್ತು ಮಕ್ಕಳ ತರಗತಿಯ ಹಾಜರಿ, ಸಾಲು, ಗದ್ದಲ ಮನೆಯಲ್ಲಿಲ್ಲ. ಅಷ್ಟು ಹೊತ್ತು ಕೂಡಿಸುವ ಅಗತ್ಯವೂ ಇಲ್ಲ. ಪರೀಕ್ಷೆಗೂ ಆತುರ ಬೇಡ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ (ಎನ್‌ಐಒಎಸ್) ಹದಿನಾಲ್ಕು ತುಂಬಿದವರು ಹತ್ತನೇ ತರಗತಿಯ ಮಟ್ಟಕ್ಕೆ ಹೆಸರು ನೋಂದಾಯಿಸಬಹುದು. ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ, ಆ ಅವಧಿಯಲ್ಲಿ ಒಂಬತ್ತು ಅವಕಾಶಗಳಿವೆ. ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು. ಒಣದ್ರಾಕ್ಷಿಯ ತಿಂಗಳಲ್ಲಿ ಪುಸ್ತಕ ಮುಚ್ಚಿಟ್ಟರೂ ವರ್ಷ ಕೈತಪ್ಪುವುದಿಲ್ಲ.

ಇನ್ನು ಕೆಲಸದ ಹಂಚಿಕೆ. ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಇಸಬೆಲ್ ರೋಸ್ಕಾಮ್ ಮತ್ತು ಮೊಯಿರಾ ಮಿಕೊಲಾಜ್‌ಚಾಕ್ ಮುಂದಾಳತ್ವದಲ್ಲಿ 42 ದೇಶಗಳ 17,409 ತಂದೆತಾಯಿಯರ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮಕ್ಕಳ ಪಾಲನೆಯಲ್ಲಿ ಬೇಸತ್ತು ಬರಿದಾಗುವುದು ಅವರವರ ಪಾಡು ಅವರವರಿಗೆ ಎನ್ನುವ ಸಮಾಜಗಳಲ್ಲಿ ಹೆಚ್ಚು ಎಂದು ಅದು ಹೇಳಿತು. ಹಾಗೆಂದು ಕೂಡುಕುಟುಂಬವಿದ್ದರೆ ಸಾಕೆಂದು ತಿಳಿಯುವಂತಿಲ್ಲ. ಹತ್ತು ಜನರ ಮನೆಯಲ್ಲಿ ರೊಟ್ಟಿ ಬಡಿಯುವವಳು ಒಬ್ಬಳೇ ಆದರೆ ಕೂಡಿದ್ದೂ ಹೊರೆಯೇ. ಅತ್ತೆ ‘ನೀ ಒಂದ್ ತಾಸ ಅಡ್ಡಾಗ ಯವ್ವಾ, ಹುಡುಗರನ್ನ ನಾ ನೋಡ್ಕೋತೀನಿ’ ಎಂದು ಹೇಳಿ ಹಾಗೇ ನಡೆದುಕೊಳ್ಳುವ ಮನೆಯ ಮಾತು ಬೇರೆ. ಮಗ್ಗಿ ಕೇಳುವುದು ಅಪ್ಪನ ಪಾಲಿಗೆ, ಕಥೆ ಅಜ್ಜನ ಪಾಲಿಗೆ, ವಾರದಲ್ಲಿ ಎರಡು ದಿನ ಪಾಠ ಪಕ್ಕದ ಮನೆಯ ಕಟ್ಟೆಗೆ ಎಂದು ಗೊತ್ತುಮಾಡಿ ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿದರೆ ಯಾರು ತಪ್ಪಿಸಿಕೊಂಡರೆಂಬುದೂ ಕಾಣುತ್ತದೆ.

ಕೆಲಸ ಇಳಿಸಿದ ಮೇಲೂ ನಿದ್ದೆ ಬಾರದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಮಕ್ಕಳ ಮೇಲೆ ಕೈ ಏಳುತ್ತಿದ್ದರೆ, ಬದುಕೇ ಬೇಡ ಎನ್ನಿಸಿದರೆ ಅದು ಖಿನ್ನತೆಯೂ ಇರಬಹುದು. ಅದಕ್ಕೆ ವೈದ್ಯರೇ ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.