ಹಾಸನಾಂಬೆಯ ಗುಡಿಯೂ ಸೊಸೆಯ ಕಲ್ಲೂ

ನಮ್ಮ ಜಿಲ್ಲೆಗೆ ಬರುವ ಪ್ರವಾಸಿಗಳು ಬೇಲೂರು ಹಳೇಬೀಡುಗಳ ಶಿಲ್ಪವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಆದರೆ ಹಾಸನ ಪಟ್ಟಣಕ್ಕೆ ಹೆಸರನ್ನು ಕೊಟ್ಟಳೆನ್ನುವ ದೇವಿಯ ಗರ್ಭಗುಡಿಯಲ್ಲಿ ಅಂಥ ಶಿಲ್ಪವೈಭವವೇನೂ ಇಲ್ಲ. ಅಲ್ಲಿರುವುದು ಹುತ್ತದ ರೂಪದ ದೇವಿ, ಮತ್ತು ಅವಳ ಸುತ್ತ ಬೆಳೆದು ನಿಂತಿರುವ ಕಥೆಗಳು. ಆ ಕಥೆಗಳಲ್ಲೊಂದನ್ನು ಕುರಿತು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಒಂದು ಪ್ರಶ್ನೆಯಿತ್ತು. ಅದನ್ನೂ, ಅದಕ್ಕೆ ನನಗೆ ದೊರೆತ ಉತ್ತರವನ್ನೂ ಸಹಪಾಠಿಗಳ ಹಾಗೂ ಅಧ್ಯಾಪಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಾಸನಾಂಬೆಯ ದರ್ಶನ ವರ್ಷಕ್ಕೊಮ್ಮೆ ಮಾತ್ರ. ಆಶ್ವಯುಜ ಮಾಸದ ಹುಣ್ಣಿಮೆ ಕಳೆದು ಬರುವ ಮೊದಲನೆಯ ಗುರುವಾರ ಬಾಗಿಲು ತೆರೆಯುತ್ತದೆ. ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಮತ್ತೆ ಮುಚ್ಚುತ್ತದೆ. ದೇವಿಯ ಒಡವೆಗಳು ಜಿಲ್ಲಾ ಖಜಾನೆಯಿಂದ ಮೆರವಣಿಗೆಯಲ್ಲಿ ಬರುತ್ತವೆ. ಬಾಗಿಲ ಮುಂದೆ ನೆಟ್ಟ ಬಾಳೆಕಂದನ್ನು ಕಡಿದ ಮೇಲೆಯೇ ಬೀಗ ತೆಗೆಯುವುದು ರೂಢಿ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿರುತ್ತದೆ, ಮುಡಿಸಿದ ಹೂ ಬಾಡಿರುವುದಿಲ್ಲ, ಇಟ್ಟ ನೈವೇದ್ಯ ಹಳಸಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ಎಣ್ಣೆಬತ್ತಿಗಳ ಲೆಕ್ಕ ಕೇಳುವ ವಿಚಾರವಾದಿಗಳು ಇದನ್ನು ಒಪ್ಪುವುದಿಲ್ಲ. ಆ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ.

ದೇವಿ ಇಲ್ಲಿಗೆ ಬಂದ ಬಗೆಗೆ ಒಂದು ಐತಿಹ್ಯವುಂಟು. ಸಪ್ತಮಾತೃಕೆಯರು ಕಾಶಿಯಿಂದ ದಕ್ಷಿಣಕ್ಕೆ ಬಂದು ಈ ಸ್ಥಳದ ಚೆಲುವಿಗೆ ಮನಸೋತರಂತೆ. ವೈಷ್ಣವಿ, ಕೌಮಾರಿ, ಮಾಹೇಶ್ವರಿಯರು ಹುತ್ತಗಳ ರೂಪದಲ್ಲಿ ಇಲ್ಲಿಯೇ ನೆಲೆಸಿದರು. ವಾರಾಹಿ, ಇಂದ್ರಾಣಿ, ಚಾಮುಂಡಿಯರು ಊರಿನ ದೇವೀಗೆರೆಯಲ್ಲಿ ನಿಂತರು. ಬ್ರಾಹ್ಮಿಯು ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಗೆ ಹೋದಳು. ಸಂಸ್ಕೃತ ಪುರಾಣಗಳ ಮಾತೃಕೆಯರು ನಮ್ಮ ನಾಡಿನ ಹುತ್ತದ ಪೂಜೆಯೊಡನೆ ಒಂದಾದ ಬಗೆಯನ್ನು ಈ ಕಥೆ ಸೂಚಿಸುತ್ತದೆಂದು ನನಗನ್ನಿಸುತ್ತದೆ. ಪಟ್ಟಣದ ಹುಟ್ಟಿನ ಕಥೆ ಬೇರೆ. ಪಾಳೆಯಗಾರ ಕೃಷ್ಣಪ್ಪನಾಯಕನು ಪ್ರಯಾಣ ಹೊರಟಾಗ ಮೊಲವೊಂದು ಅಡ್ಡಬಂದು ಊರೊಳಗೆ ನುಗ್ಗಿತು. ಅಪಶಕುನವೆಂದು ಅವನು ಚಿಂತಿಸುತ್ತಿರಲು ದೇವಿ ಕಾಣಿಸಿಕೊಂಡು, ಅಲ್ಲಿಯೇ ಕೋಟೆ ಕಟ್ಟೆಂದು ಅಪ್ಪಣೆ ಮಾಡಿದಳಂತೆ. ಹಸನ್ಮುಖಿಯಾದ ಅಂಬೆ ಹಾಸನಾಂಬೆ. ಅವಳ ಊರು ಹಾಸನ.

ಇನ್ನು ಕಲ್ಲಿನ ಕಥೆಗಳು. ಗುಡಿಯ ಆವರಣದಲ್ಲಿ ಕಳ್ಳಪ್ಪನ ಗುಡಿ ಎಂಬುದೊಂದಿದೆ. ದೇವಿಯ ಒಡವೆಗಳನ್ನು ಕದಿಯಲು ಬಂದ ನಾಲ್ವರು ಕಳ್ಳರು ಅವಳ ಶಾಪದಿಂದ ಅಲ್ಲಿಯೇ ಕಲ್ಲಾದರೆಂದು ಪ್ರತೀತಿ. ಎರಡನೆಯದು ಸೊಸೆಯ ಕಲ್ಲು. ದಿನವೂ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯೊಬ್ಬಳಿದ್ದಳು. ಮನೆಗೆಲಸ ಬಿಟ್ಟು ಎಲ್ಲಿಗೆ ಹೋಗುತ್ತಾಳೆಂದು ಅತ್ತೆ ಹಿಂಬಾಲಿಸಿ ಬಂದು, ಕಣ್ಣುಮುಚ್ಚಿ ಕೈಮುಗಿದಿದ್ದವಳ ತಲೆಗೆ ದೇವಿಯ ಮುಂದಿದ್ದ ಚಂದ್ರಬಟ್ಟಲಿನಿಂದ ಹೊಡೆದಳು. ನೋವು ತಾಳದೆ ಸೊಸೆ ‘ಅಮ್ಮಾ ಹಾಸನಾಂಬಾ’ ಎಂದು ಕೂಗಿದಳು. ದೇವಿ ಅವಳನ್ನು ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲಿಯೇ ಇರಿಸಿಕೊಂಡಳು. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಿದೆ. ಅದು ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಕಳ್ಳರು ಕಲ್ಲಾದುದು ನ್ಯಾಯ. ಆದರೆ ಹೊಡೆದ ಅತ್ತೆಯನ್ನು ಬಿಟ್ಟು, ಹೊಡೆಸಿಕೊಂಡ ಸೊಸೆಯನ್ನು ದೇವಿ ಕಲ್ಲಾಗಿಸಿದ್ದು ಯಾವ ನ್ಯಾಯ?

ಕಳೆದ ವರ್ಷ ಅಜ್ಜಿಯನ್ನು ಕರೆದುಕೊಂಡು ಧರ್ಮದರ್ಶನದ ಸಾಲಿನಲ್ಲಿ ನಿಂತಿದ್ದೆ. ಸಾವಿರ ರೂಪಾಯಿಯ ಚೀಟಿ ಕೊಂಡವರ ಸಾಲು ಪಕ್ಕದಲ್ಲಿ ಬೇಗಬೇಗ ಸಾಗುತ್ತಿತ್ತು. ನಮ್ಮದಾದರೋ ಸೊಸೆಯ ಕಲ್ಲಿನಂತೆಯೇ ಚಲಿಸುತ್ತಿತ್ತು. ಹೊತ್ತು ಕಳೆಯಲೆಂದು ಅಜ್ಜಿಗೆ ಲೆಕ್ಕ ಹೇಳಿದೆ. ಅಕ್ಕಿಕಾಳಿನ ಉದ್ದ ಸುಮಾರು ಆರು ಮಿಲಿಮೀಟರ್. ಎಂಟುನೂರು ವರ್ಷಕ್ಕೆ ಹದಿನೈದು ಅಡಿಗೂ ಮೀರುತ್ತದೆ. ಅಷ್ಟು ದೂರ ಸರಿದಿದ್ದರೆ ಯಾರ ಕಣ್ಣಿಗೂ ಬೀಳದೆ ಇರುತ್ತಿತ್ತೇ?

ಅಜ್ಜಿ ನಕ್ಕಳು. ‘ಎಷ್ಟು ದೂರ ಬಂದವ್ಳೆ ಅನ್ನೋ ಲೆಕ್ಕ ನಿನಗೆ ಕಣವ್ವ. ಹೊರಟವ್ಳೆ ಅನ್ನೋದು ನಮಗೆ ಸಾಕು’ ಎಂದಳು.

ಆಗ ನನ್ನ ಹಳೆಯ ಪ್ರಶ್ನೆಯನ್ನೂ ಕೇಳಿಬಿಟ್ಟೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅತ್ತೆ ಕಲ್ಲಾಗಿದ್ರೆ ಇವಳು ಅದೇ ಮನೆಗೆ ವಾಪಸ್ ಹೋಗ್ಬೇಕಿತ್ತಲ್ಲ. ಇನ್ನೂ ಬೈಸ್ಕೋಬೇಕಿತ್ತು. ತವರಲ್ಲಿ ಎಷ್ಟು ದಿನ ಇಟ್ಕೋತಾರೆ? ಅದಕ್ಕೇ ಅಮ್ಮ ತನ್ನ ಹತ್ರಾನೇ ಇಟ್ಕೊಂಡ್ಳು’ ಎಂದಳು. ಹಾಗೆನ್ನುತ್ತ ಸೆರಗು ಸರಿಸಿ, ಹಣೆಯ ಅಂಚಿನಲ್ಲಿದ್ದ ಹಳೆಯ ಗಾಯದ ಗುರುತನ್ನು ಮುಟ್ಟಿಕೊಂಡಳು. ಅದು ಬಾಲ್ಯದಲ್ಲಿ ಬಿದ್ದ ಪೆಟ್ಟೆಂದು ನಾವೆಲ್ಲ ತಿಳಿದಿದ್ದೆವು. ಅದು ಅವಳ ಅತ್ತೆ ಊದುಗೊಳವೆಯಿಂದ ಹೊಡೆದ ಗುರುತೆಂದು ಅಂದು, ಆ ಸಾಲಿನಲ್ಲಿ, ನನಗೆ ಗೊತ್ತಾಯಿತು. ಮದುವೆಯಾದಾಗ ಅವಳಿಗೆ ಹದಿನಾಲ್ಕು. ವರ್ಷಕ್ಕೊಮ್ಮೆ ಹಾಸನಾಂಬೆಗೆ ಹೋಗಿಬರಲು ಮಾತ್ರ ಯಾರೂ ಬೇಡವೆನ್ನುತ್ತಿರಲಿಲ್ಲವಂತೆ. ಐದು ಮೈಲಿ ನಡೆದು ಬಂದು, ದೇವಿಗೆ ಕೈಮುಗಿದು, ಆ ಕಲ್ಲಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದಳಂತೆ.

ಒಂದೇ ಗುಡಿಯಲ್ಲಿ ಒಂದು ಕಲ್ಲು ಶಿಕ್ಷೆ, ಇನ್ನೊಂದು ಆಶ್ರಯ. ಈ ಭೇದವನ್ನು ಅಜ್ಜಿಯಂಥವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಕಲ್ಲಾಗುವುದಕ್ಕಿಂತ ಉತ್ತಮವಾದ ಆಶ್ರಯ ಆ ಹುಡುಗಿಗೆ ಇರಲಿಲ್ಲವಲ್ಲ ಎಂಬುದನ್ನು ನಾವು ಯೋಚಿಸಬೇಕು. ಇಂದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಿದೆ. ಅದಕ್ಕಿಂತ ಮಿಗಿಲಾಗಿ, ನಮ್ಮ ಕೈಯಲ್ಲಿ ವಿದ್ಯೆಯಿದೆ. ಐತಿಹ್ಯಗಳನ್ನು ಸುಳ್ಳೆಂದು ತಳ್ಳುವ ಮೊದಲು, ಅವುಗಳನ್ನು ಕಾಪಾಡಿಕೊಂಡು ಬಂದವರು ಯಾರು, ಏಕೆ ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವೆಂದು ನಾನು ನಂಬಿದ್ದೇನೆ.

ದರ್ಶನ ಮುಗಿಸಿ ಹೊರಬಂದಾಗ ದೇವಿಯಲ್ಲಿ ಏನು ಕೇಳಿಕೊಂಡೆಯೆಂದು ಅಜ್ಜಿಯನ್ನು ವಿಚಾರಿಸಿದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ಎದ್ದಿತ್ತು. ‘ಕೇಳೋದೇನು, ಹೇಳಿ ಬಂದೆ. ಇವಳ ಬಿ.ಎ. ಮುಗಿಯೋಗಂಟ ಮದುವೆ ಮಾತು ಬೇಡ ಅಂತ’ ಎಂದಳು. ಅದೇ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನಿಗೂ ಅದನ್ನೇ ಹೇಳಿದಳು. ಅಪ್ಪ ತಲೆಯೆತ್ತಲಿಲ್ಲ, ಆದರೆ ಆ ಮಾತನ್ನು ಮತ್ತೆ ಎತ್ತಲೂ ಇಲ್ಲ.