ವಾಷಿಂಗ್ ಮಷಿನ್ ‘ಓಇ’ ತೋರಿಸ್ತಿದೆಯಾ? ಬೋರ್ಡ್ ಬದಲಿಸೋ ಮುಂಚೆ ಫಿಲ್ಟರ್ ನೋಡಿ

ಮೂವತ್ತು-ನಲವತ್ತು ಸಾವಿರ ಕೊಟ್ಟು ತಂದ ಫ್ರಂಟ್ ಲೋಡ್ ಮಷಿನ್ ಬಟ್ಟೆ, ನೀರು ಎರಡನ್ನೂ ಒಳಗಿಟ್ಟುಕೊಂಡು ನಿಂತುಬಿಟ್ಟರೆ ಗಾಬರಿಯಾಗೋದು ಸಹಜ. ‘ಬೋರ್ಡ್ ಹೋಗಿದೆ’ ಅಂತ ಯಾರಾದರೂ ಹೇಳಿದರೆ ಸಾವಿರಾರು ರೂಪಾಯಿ ಬಿಲ್. ಆದರೆ ಎಲ್‌ಜಿ ಮಷಿನ್‌ನಲ್ಲಿ ‘ಓಇ’ ಅಂತ ಬಂದರೆ ಅರ್ಥ ಇಷ್ಟೇ: ನೀರು ಹೊರಗೆ ಹೋಗ್ತಿಲ್ಲ. ಬೇರೆ ಕಂಪನಿಗಳ ಕೋಡ್ ಬೇರೆ, ಮಷಿನ್ ಜತೆ ಕೊಟ್ಟ ಪುಸ್ತಕದಲ್ಲಿರುತ್ತೆ.

ಮೊದಲು ಪ್ಲಗ್ ತೆಗೀರಿ. ಬಿಸಿನೀರಿನ ವಾಶ್ ಆಗಿದ್ದರೆ ಆರಲು ಬಿಡಿ. ಹೆಚ್ಚಿನ ಮಷಿನ್‌ಗಳಲ್ಲಿ ಮುಂದುಗಡೆ ಕೆಳಮೂಲೆಯಲ್ಲಿ ಚಿಕ್ಕ ಮುಚ್ಚಳ ಇರುತ್ತೆ. ಅದರೊಳಗಿನ ಸಣ್ಣ ಪೈಪ್‌ನಿಂದ ನೀರನ್ನು ಅಗಲದ ತಟ್ಟೆಗೆ ಬಸಿದು, ಆಮೇಲೆ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎಳೀರಿ. ಬಸಿಯದೆ ತಿರುಗಿಸಿದರೆ ಮನೆಯೆಲ್ಲ ನೀರು. ಒಳಗೆ ಸಿಗೋದು ನಾಣ್ಯ, ಹೇರ್‌ಪಿನ್, ಗುಂಡಿ, ನೂಲಿನ ಮುದ್ದೆ. ಅಂಗಡಿಯವರ ಜೇಬಿನ ಚಿಲ್ಲರೆ ಬಗ್ಗೆ ಹೇಳೋದೇ ಬೇಡ. ಫಿಲ್ಟರ್ ಇದ್ದ ಜಾಗದಲ್ಲಿ ಪಂಪಿನ ಪುಟ್ಟ ಫ್ಯಾನ್ ಕಾಣುತ್ತೆ. ಟಾರ್ಚ್ ಬಿಟ್ಟು ದಾರ ಸುತ್ತಿದೆಯಾ ನೋಡಿ. ವಾಪಸ್ ಹಾಕುವಾಗ ಬಿಗಿಯಾಗಿ ತಿರುಗಿಸಿ. ಹಿಂದಿನ ಡ್ರೇನ್ ಪೈಪ್ ಗೋಡೆಗೆ ಒತ್ತಿ ಮಡಚಿದ್ದರೂ ಇದೇ ಕೋಡ್ ಬರುತ್ತೆ.

‘ಐಇ’ ಬಂದರೆ ಉಲ್ಟಾ, ನೀರು ಒಳಗೆ ಬರ್ತಿಲ್ಲ. ನಲ್ಲಿ, ಟ್ಯಾಂಕ್ ನೋಡಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಪೈಪ್ ಮಷಿನ್‌ಗೆ ಸೇರುವಲ್ಲಿನ ಸಣ್ಣ ಜಾಲರಿಗೆ ಮರಳು, ಸುಣ್ಣದ ಪೊರೆ ಕಟ್ಟಿರುತ್ತೆ. ನಲ್ಲಿ ಬಂದ್ ಮಾಡಿ, ಜಾಲರಿ ಬಿಚ್ಚಿ, ಹಳೇ ಬ್ರಷ್‌ನಿಂದ ಉಜ್ಜಿ.

ಇಷ್ಟಾದರೂ ಪಂಪ್ ಸದ್ದೇ ಮಾಡದಿದ್ದರೆ ಮೆಕ್ಯಾನಿಕ್ ಕರೆಸಿ. ಹಿಂದಿನ ಕವರ್ ನೀವೇ ಬಿಚ್ಚಬೇಡಿ, ಅದು ಕರೆಂಟಿನ ಕೆಲಸ. ಪಾರ್ಟ್ ಬದಲಿಸಿದರೆ ಹಳೇ ಪಾರ್ಟ್, ಬಿಲ್ ಎರಡನ್ನೂ ಕೇಳಿ ಇಸ್ಕೊಳ್ಳಿ.