ಹಿಂದಿರುಗಿ ಬಂದ ಮಹಾಪ್ರಬಂಧ

ಹಗಲೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೋ ಕಚೇರಿಯ ಕಡತಗಳನ್ನು ತಿರುವಿಯೋ ದಣಿದು, ರಾತ್ರಿ ಪುಸ್ತಕ ಹಿಡಿಯುವ ನಮ್ಮ ತರುಣರಲ್ಲಿ ಕೆಲವರು ಪಿಎಚ್.ಡಿ. ವರೆಗೂ ಕೈಚಾಚಿರುವುದು ಸಂತೋಷದ ಸಂಗತಿ. ಆದರೆ ಮುಕ್ಕಾಲು ಬರೆದ ಮಹಾಪ್ರಬಂಧವನ್ನು ಚಿಂತೆಯಿಂದ ಟ್ರಂಕಿನ ತಳಕ್ಕೆ ಸೇರಿಸಿದವರೂ ಇದ್ದಾರೆ. ಅಂಥವರು ಇದೇ ಮುಂಬಯಿಯ ಪರೇಲಿನ ಚಾಳಿನಲ್ಲಿ ವಾಸವಾಗಿದ್ದ ಡಾ. ಅಂಬೇಡ್ಕರರ ಲಂಡನ್ ವ್ಯಾಸಂಗದ ವೃತ್ತಾಂತವನ್ನು ಅರಿಯಬೇಕು.

1916ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಸೇರಿದ ಅವರ ವಿದ್ಯಾರ್ಥಿವೇತನದ ಅವಧಿ ಮರುವರ್ಷವೇ ತೀರಿತು. ವ್ಯಾಸಂಗವನ್ನು ಅರ್ಧದಲ್ಲಿ ನಿಲ್ಲಿಸಿ ಸ್ವದೇಶಕ್ಕೆ ಮರಳಬೇಕಾಯಿತು. ಅದು ಮಹಾಯುದ್ಧದ ಕಾಲ; ಅವರ ಪುಸ್ತಕಗಳನ್ನು ಹೊತ್ತ ಹಡಗು ಟಾರ್ಪೆಡೊ ಏಟಿಗೆ ಮುಳುಗಿತು. ಆದರೂ ಹೊರಡುವ ಮುನ್ನ ಅವರು ಜಾಣತನದ ಕೆಲಸವೊಂದನ್ನು ಮಾಡಿದ್ದರು: ನಾಲ್ಕು ವರ್ಷಗಳೊಳಗೆ ಬಂದು ವ್ಯಾಸಂಗ ಮುಂದುವರಿಸಲು ವಿಶ್ವವಿದ್ಯಾಲಯದ ಅನುಮತಿ ಪಡೆದಿದ್ದರು. ಕೈ ಬಿಗಿಯಾದಾಗ ನಮ್ಮವರು ಮುಖ ತಪ್ಪಿಸಿಕೊಂಡು ತಿರುಗುತ್ತಾರೆಯೇ ಹೊರತು ಅವಧಿ ಕೇಳಿ ಒಂದು ಅರ್ಜಿ ಬರೆಯುವುದಿಲ್ಲ!

1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನ ಪ್ರಾಧ್ಯಾಪಕರಾಗಿ, ಸಂಬಳದಲ್ಲಿ ಉಳಿಸಿದ ಹಣಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಮಿತ್ರರ ಸಾಲವನ್ನೂ ಸೇರಿಸಿ, 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿದರು. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯ; ರಾತ್ರಿ ಹಸಿವಿಗೆ ಪರಿಚಿತರು ಕೊಟ್ಟಿದ್ದ ಹಪ್ಪಳವೇ ಆಹಾರ; ಬಳಿಕ ನಡುರಾತ್ರಿ ಮೀರಿದ ಓದು. ಈ ಉಪವಾಸ, ನಿದ್ರಾಭಂಗಗಳನ್ನು ಅನುಕರಿಸಿರೆಂದು ನಾವು ಹೇಳೆವು. ನಿದ್ರೆಗೆಟ್ಟ ಮಾಣಿಯ ಕೈಯಿಂದ ಗ್ಲಾಸು ಜಾರುವಂತೆ, ನಿದ್ರೆಗೆಟ್ಟವನ ಲೇಖನಿಯಿಂದಲೂ ತಪ್ಪುಗಳು ಜಾರುತ್ತವೆ. ಹೋಟೆಲು ನಡೆಸಿದವರಿಗೆ ಇದು ಗೊತ್ತು.

ಅನುಕರಣಯೋಗ್ಯವಾದುದು ಮುಂದಿನ ಸಂಗತಿ. ರೂಪಾಯಿಯ ಸಮಸ್ಯೆಯನ್ನು ಕುರಿತ ಮಹಾಪ್ರಬಂಧವನ್ನು ಅವರು 1922ರ ಅಕ್ಟೋಬರಿನಲ್ಲಿ ಸಲ್ಲಿಸಿದರು. 1923ರ ಮಾರ್ಚಿನಲ್ಲಿ ಪರೀಕ್ಷಕರು ಅದನ್ನು ತಿದ್ದಿ ಬರೆಯಲು ಹೇಳಿದರು. ಕೈಯಲ್ಲಿ ಹಣವಿಲ್ಲ, ಮನೆಯಲ್ಲಿ ಸಂಸಾರ, ತಲೆಯ ಮೇಲೆ ಸಾಲ. ಅವರು ಮುಂಬಯಿಗೆ ಮರಳಿ, ವಕೀಲಿ ಆರಂಭಿಸುವ ಚಿಂತೆಯ ನಡುವೆಯೇ ಕುಳಿತು ತಿದ್ದಿದರು. ಹೊಸ ವಿಷಯ ಹುಡುಕಲಿಲ್ಲ, ತಮ್ಮ ನಿರ್ಣಯಗಳನ್ನು ಬದಲಿಸಲಿಲ್ಲ. ಬರೆದುದನ್ನೇ ಮತ್ತೆ ಬರೆದು ಆಗಸ್ಟಿನಲ್ಲಿ ಕಳುಹಿಸಿದರು. ನವೆಂಬರಿನಲ್ಲಿ ಅದು ಅಂಗೀಕೃತವಾಗಿ ಡಿ.ಎಸ್‌ಸಿ. ಪದವಿ ಲಭಿಸಿತು.

ಮಾರ್ಗದರ್ಶಕರಿಗೆ ನಮ್ಮ ಅಭಿಪ್ರಾಯ ಹಿಡಿಸದಿದ್ದರೆ ಗತಿಯೇನು ಎಂದು ಕೊನೆಯ ಅಧ್ಯಾಯದಲ್ಲಿ ನಡುಗುವವರಿಗೆ ಇನ್ನೊಂದು ಮಾತು. ಆ ಗ್ರಂಥ ಅದೇ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವರ ಗುರು ಪ್ರೊ. ಎಡ್ವಿನ್ ಕ್ಯಾನನ್ನರು ಅದಕ್ಕೆ ಮುನ್ನುಡಿ ಬರೆದು, ಶಿಷ್ಯನ ಹಲವು ವಾದಗಳನ್ನು ತಾವು ಒಪ್ಪುವುದಿಲ್ಲವೆಂದು ಅಲ್ಲಿಯೇ ತಿಳಿಸಿದ್ದಾರೆ.